ಕ್ಯಾನ್ಸಲ್ ಒತ್ತಿದ ತಕ್ಷಣ ಕೆಲಸ ನಿಂತುಬಿಡುತ್ತದೆಯೇ?

ಹೇಳಿಕೆ: ಕಂಪ್ಯೂಟರ್ ಆಗಲಿ, ಫೋನ್ ಆಗಲಿ, ಕ್ಯಾನ್ಸಲ್ ಒತ್ತಿದರೆ ಕೆಲಸ ಆ ಕ್ಷಣವೇ ನಿಲ್ಲುತ್ತದೆ, ಎಲ್ಲವೂ ಮೊದಲಿನಂತಾಗುತ್ತದೆ. ನಿಲ್ಲದಿದ್ದರೆ ಹ್ಯಾಂಗ್ ಆಗಿದೆ ಎಂದರ್ಥ, ಪವರ್ ತೆಗೆದುಬಿಡಿ.

ವಾಸ್ತವ: ಇದು ಬಹುಪಾಲು ತಪ್ಪು. ಕ್ಯಾನ್ಸಲ್ ಎನ್ನುವುದು "ಕೆಲಸ ನಿಲ್ಲಿಸು" ಎಂಬ ಕೋರಿಕೆ ಮಾತ್ರ. ಕೆಲಸ ನಿಲ್ಲಲು ಸಮಯ ಬೇಕು. ನಿಂತ ಮೇಲೆ ಏನು ಉಳಿಯುತ್ತದೆ ಎಂಬುದು ಆ ಕೆಲಸ ಯಾವುದು ಎಂಬುದನ್ನು ಅವಲಂಬಿಸಿದೆ.

ಇದನ್ನು ಚೆನ್ನಾಗಿ ತೋರಿಸುವ ಉದಾಹರಣೆ ಸರ್ವರ್‌ಗಳ ಲೋಕದಲ್ಲಿದೆ. ಅಲ್ಲಿಂದಲೇ ನೋಡೋಣ.

ವರ್ಚುವಲ್ ಮಷಿನ್ ಎಂದರೇನು?

ನಾವು ಬಳಸುವ ಅನೇಕ ಆ್ಯಪ್‌ಗಳ ಹಿಂದಿರುವ ಸರ್ವರ್‌ಗಳು ಬಿಡಿ ಬಿಡಿ ಯಂತ್ರಗಳಲ್ಲ. ಒಂದೇ ದೊಡ್ಡ ಕಂಪ್ಯೂಟರಿನೊಳಗೆ ಸಾಫ್ಟ್‌ವೇರ್ ಹಲವು ಕಂಪ್ಯೂಟರ್‌ಗಳನ್ನು ಸೃಷ್ಟಿಸುತ್ತದೆ. ಒಂದೇ ಕಟ್ಟಡದಲ್ಲಿ ಹಲವು ಬಾಡಿಗೆ ಮನೆಗಳಿದ್ದಂತೆ. ಇವೇ ವರ್ಚುವಲ್ ಮಷಿನ್‌ಗಳು. ಇವುಗಳ ಹಾರ್ಡ್ ಡಿಸ್ಕ್ ಸಾಮಾನ್ಯವಾಗಿ ಒಂದು ದೊಡ್ಡ ಫೈಲ್ ಅಷ್ಟೇ.

ಈ ಕೆಲಸ ಮಾಡುವ ಜನಪ್ರಿಯ ಉಚಿತ ಸಾಫ್ಟ್‌ವೇರ್ ಕ್ಯೂಎಮು. ಫ್ರಾನ್ಸ್‌ನ ಫ್ಯಾಬ್ರಿಸ್ ಬೆಲಾರ್ಡ್ 2003ರಲ್ಲಿ ಇದನ್ನು ಶುರು ಮಾಡಿದರು. 2007ರಲ್ಲಿ ಲಿನಕ್ಸ್‌ಗೆ ಸೇರಿದ ಕೆವಿಎಂ ಜೊತೆಗೆ ಇದನ್ನು ಇಂದು ವ್ಯಾಪಕವಾಗಿ ಬಳಸಲಾಗುತ್ತಿದೆ.

ಮಷಿನ್ ಓಡುತ್ತಿರುವಾಗಲೇ ಅದರ ಡಿಸ್ಕನ್ನು ಬ್ಯಾಕಪ್ ಮಾಡಬೇಕಾಗುತ್ತದೆ, ಇಲ್ಲವೇ ಬೇರೆಡೆಗೆ ಸಾಗಿಸಬೇಕಾಗುತ್ತದೆ. ಇದು ಹಿನ್ನೆಲೆಯಲ್ಲಿ ನಡೆಯುವ ಕೆಲಸ. 500 ಜಿಬಿ ಡಿಸ್ಕನ್ನು ಸೆಕೆಂಡಿಗೆ 100 ಎಂಬಿ ವೇಗದಲ್ಲಿ ನಕಲು ಮಾಡಲು ಸುಮಾರು 83 ನಿಮಿಷ ಬೇಕು. ಅಷ್ಟರಲ್ಲಿ ಜಾಗ ಸಾಲದೆ ಹೋಗಬಹುದು, ಸರ್ವರ್ ನಿಧಾನವಾಗಬಹುದು. ಆಗ ನಿರ್ವಾಹಕರು ಕ್ಯಾನ್ಸಲ್ ಮಾಡುತ್ತಾರೆ.

ತಕ್ಷಣ ಏಕೆ ನಿಲ್ಲುವುದಿಲ್ಲ?

ಡಿಸ್ಕಿಗೆ ಈಗಾಗಲೇ ಕಳುಹಿಸಿದ ಮಾಹಿತಿಯನ್ನು ವಾಪಸ್ ಕರೆಯಲು ಆಗದು. ಅದು ಬರೆದು ಮುಗಿಯಿತೇ ಎಂಬ ಉತ್ತರ ಬರುವವರೆಗೆ ಸಾಫ್ಟ್‌ವೇರ್ ಕಾಯಲೇಬೇಕು. ಗ್ಯಾಸ್ ಆಫ್ ಮಾಡಿದ ಕೂಡಲೇ ಕುಕ್ಕರ್ ಮುಚ್ಚಳ ತೆಗೆಯಲು ಆಗುವುದಿಲ್ಲ, ಒಳಗಿನ ಒತ್ತಡ ಇಳಿಯಬೇಕು. ಇಲ್ಲೂ ಹಾಗೆಯೇ.

ಹೀಗಾಗಿ ಕ್ಯೂಎಮುನಲ್ಲಿ ಕ್ಯಾನ್ಸಲ್ ಆದೇಶವು ಕೆಲಸಕ್ಕೆ "ರದ್ದಾಗಬೇಕಿದೆ" ಎಂಬ ಗುರುತು ಹಾಕಿ ಮರಳುತ್ತದೆ. ಕೆಲಸ ಇನ್ನೂ ಪಟ್ಟಿಯಲ್ಲೇ ಇರುತ್ತದೆ. ನಿಜವಾಗಿ ನಿಂತ ಮೇಲೆ ಬೇರೆಯೇ ಒಂದು ಸಂದೇಶ ಬರುತ್ತದೆ. ಆ ಸಂದೇಶ ಬರುವ ಮೊದಲೇ ಕೆಲಸ ಮುಗಿಯಿತು ಎಂದುಕೊಂಡು ಫೈಲ್ ಅಳಿಸಿದರೆ ಅಪಾಯ.

ಒಂದೇ ಕ್ಯಾನ್ಸಲ್, ಮೂರು ಫಲಿತಾಂಶ

ಬ್ಯಾಕಪ್: ಪೂರ್ತಿ ಬ್ಯಾಕಪ್ ಅರ್ಧಕ್ಕೆ ನಿಂತರೆ ಸಿಗುವುದು ಅರ್ಧ ನಕಲು. ಅದನ್ನು ನಂಬುವಂತಿಲ್ಲ. ಮೂಲ ಡಿಸ್ಕ್ ಮಾತ್ರ ಸರಿಯಾಗಿರುತ್ತದೆ.

ಸ್ಟ್ರೀಮ್: ಹಳೆಯ ಫೈಲಿನ ಮೇಲೆ ಅವಲಂಬಿತವಾಗಿರುವ ಹೊಸ ಫೈಲಿಗೆ, ಹಳೆಯದರ ಮಾಹಿತಿಯನ್ನು ತುಂಬುವ ಕೆಲಸವಿದು. ಕ್ಯಾನ್ಸಲ್ ಮಾಡಿದರೆ ಅಲ್ಲಿಯವರೆಗೆ ಬಂದದ್ದು ಉಳಿಯುತ್ತದೆ, ಮಿಕ್ಕಿದ್ದನ್ನು ಆಮೇಲೆ ಮುಂದುವರಿಸಬಹುದು. ಆದರೆ ಹೊಸ ಫೈಲ್ ಇನ್ನೂ ಹಳೆಯದನ್ನೇ ನಂಬಿಕೊಂಡಿರುತ್ತದೆ. "ಹಳೆಯದು ಇನ್ನೇಕೆ" ಎಂದು ಅಳಿಸಿದರೆ ಆ ಮಷಿನ್‌ನ ಮಾಹಿತಿ ಕೈತಪ್ಪುತ್ತದೆ.

ಮಿರರ್: ಇದು ಡಿಸ್ಕಿನ ತದ್ರೂಪು ತಯಾರಿಸುವ ಕೆಲಸ. ಎರಡೂ ಡಿಸ್ಕ್‌ಗಳು ಸರಿಸಮ ಆಗುವ ಮೊದಲು ಕ್ಯಾನ್ಸಲ್ ಮಾಡಿದರೆ ನಕಲು ಅಪೂರ್ಣ. ಆದರೆ ಸರಿಸಮ ಆಗಿ "ಸಿದ್ಧ" ಎಂಬ ಸಂದೇಶ ಬಂದ ಮೇಲೆ ಕ್ಯಾನ್ಸಲ್ ಮಾಡಿದರೆ, ಬರುವ ಸಂದೇಶ "ರದ್ದಾಯಿತು" ಎಂದಲ್ಲ, "ಪೂರ್ಣವಾಯಿತು" ಎಂದು! ಆ ಹೊತ್ತಿನವರೆಗಿನ ಸಂಪೂರ್ಣ ನಕಲು ನಮ್ಮ ಕೈಯಲ್ಲಿರುತ್ತದೆ. ಬಲವಂತದ ಕ್ಯಾನ್ಸಲ್ ಆಯ್ಕೆ ಮಾಡಿಕೊಂಡರೆ ಮಾತ್ರ ಕೊನೆಯ ಹೊಂದಾಣಿಕೆಗೆ ಕಾಯದೆ ಕೆಲಸವನ್ನು ಕೈಬಿಡಲಾಗುತ್ತದೆ. ಆಗ ಆ ನಕಲನ್ನು ನೆಚ್ಚಿಕೊಳ್ಳುವಂತಿಲ್ಲ.

ಪವರ್ ತೆಗೆದರೆ ಏನಾಗುತ್ತದೆ?

ಬರೆಯುತ್ತಿದ್ದ ಮಾಹಿತಿ ಅರ್ಧದಲ್ಲೇ ನಿಲ್ಲುತ್ತದೆ, ಫೈಲ್ ಹಾಳಾಗಬಹುದು. ಅದೇ ಯಂತ್ರದಲ್ಲಿ ಓಡುತ್ತಿದ್ದ ಬೇರೆ ವರ್ಚುವಲ್ ಮಷಿನ್‌ಗಳೂ ಒಮ್ಮೆಲೇ ಬಂದ್ ಆಗುತ್ತವೆ. ಒಂದು ಮನೆಯ ನಲ್ಲಿ ನಿಲ್ಲಿಸಲು ಇಡೀ ಕಟ್ಟಡದ ನೀರು ಬಂದ್ ಮಾಡಿದಂತೆ.

ನಮ್ಮ ಫೋನಿಗೂ ಇದು ಅನ್ವಯವಾಗುತ್ತದೆಯೇ?

ಹೌದು. ಆ್ಯಂಡ್ರಾಯ್ಡ್‌ನಲ್ಲಿ ಹಿನ್ನೆಲೆ ಕೆಲಸವನ್ನು ರದ್ದು ಮಾಡಿದಾಗ ವ್ಯವಸ್ಥೆಯು ಆ್ಯಪ್‌ಗೆ "ನಿಲ್ಲಿಸು" ಎಂದು ತಿಳಿಸುತ್ತದೆ. ಕೈಯಲ್ಲಿರುವ ಕೆಲಸವನ್ನು ಅಚ್ಚುಕಟ್ಟಾಗಿ ನಿಲ್ಲಿಸುವ ಹೊಣೆ ಆ್ಯಪ್‌ನದು.

ಮದುವೆಯ 400 ಫೋಟೊಗಳನ್ನು ಫೋನಿನಿಂದ ಮೆಮೊರಿ ಕಾರ್ಡಿಗೆ ಸಾಗಿಸುತ್ತಾ ನಡುವೆ ಕ್ಯಾನ್ಸಲ್ ಮಾಡಿದಿರಿ ಎಂದುಕೊಳ್ಳಿ. ಕೆಲವು ಫೋಟೊ ಕಾರ್ಡಿನಲ್ಲಿ, ಉಳಿದವು ಫೋನಿನಲ್ಲಿ ಇರಬಹುದು. ಹೋದವು ತಾನಾಗಿ ಹಿಂತಿರುಗುತ್ತವೆ ಎಂಬ ಖಾತರಿ ಇಲ್ಲ. "ಕಾರ್ಡಿನಲ್ಲಿ ಅರ್ಧಂಬರ್ಧ ಇದೆ" ಎಂದು ಕಾರ್ಡನ್ನು ಫಾರ್ಮ್ಯಾಟ್ ಮಾಡಿದರೆ ಅಲ್ಲಿ ಮಾತ್ರ ಇದ್ದ ಫೋಟೊಗಳು ಹೋಗುತ್ತವೆ.

ಹಾಗಾದರೆ ಏನು ಮಾಡಬೇಕು?

• ಕ್ಯಾನ್ಸಲ್ ಒತ್ತಿದ ಮೇಲೆ ಕೆಲಸ ನಿಂತಿತು ಎಂಬ ಸೂಚನೆ ಬರುವವರೆಗೆ ಕಾಯಿರಿ. ನಡುವೆ ಕೇಬಲ್, ಪೆನ್‌ಡ್ರೈವ್, ಕಾರ್ಡ್ ಕೀಳಬೇಡಿ.
• ಕೊನೆಗೆ ಬಂದ ಸಂದೇಶ "ರದ್ದಾಯಿತು" ಎನ್ನುತ್ತದೆಯೋ, "ಪೂರ್ಣವಾಯಿತು" ಎನ್ನುತ್ತದೆಯೋ ಓದಿ. ನೀವು ಒತ್ತುವಷ್ಟರಲ್ಲೇ ಕೆಲಸ ಮುಗಿದಿರಲೂಬಹುದು.
• ಎರಡೂ ಕಡೆ ತೆರೆದು ನೋಡುವವರೆಗೆ ಯಾವ ಪ್ರತಿಯನ್ನೂ ಅಳಿಸಬೇಡಿ.

ತೀರ್ಮಾನ: ಕ್ಯಾನ್ಸಲ್ ಒತ್ತಿದ ಮೇಲೂ ಕೆಲಸ ಸ್ವಲ್ಪ ಹೊತ್ತು ನಡೆಯುವುದು ದೋಷವಲ್ಲ. ಹೆಚ್ಚಿನ ಸಂದರ್ಭಗಳಲ್ಲಿ ಆ ವಿಳಂಬವೇ ನಮ್ಮ ಮಾಹಿತಿಯನ್ನು ಕಾಪಾಡುತ್ತಿರುತ್ತದೆ.