ಮಿನೋ: ಒಸಾಕಾದ ಕಾಡಿನಲ್ಲಿ ಶಾರದೆಯ ಅಬ್ಬಿ

ಜಪಾನಿನವರೂ ಕಾಳು ಕೇರಲು ಮೊರ ಬಳಸಿದವರೇ. ಅವರ ಭಾಷೆಯಲ್ಲಿ ಮೊರಕ್ಕೆ ‘ಮಿ’ ಎನ್ನುತ್ತಾರೆ. ಒಸಾಕಾ ನಗರದ ಉತ್ತರಕ್ಕೆ, ಕಾಡಿನ ನಡುವೆ 33 ಮೀಟರ್ ಎತ್ತರದಿಂದ ಧುಮುಕುವ ನೀರು ಯಾರದೋ ಕಣ್ಣಿಗೆ ಮೊರದ ಹಾಗೆ ಕಂಡಿತಂತೆ. ಅದರಿಂದಲೇ ಜಲಪಾತಕ್ಕೂ ಊರಿಗೂ ಮಿನೋ ಎಂಬ ಹೆಸರು ಬಂತು ಎನ್ನುವುದು ರೂಢಿಯ ಮಾತು. ಹೆಸರು ಬರೆಯುವ ಎರಡು ಅಕ್ಷರಗಳಲ್ಲಿ ಮೊದಲನೆಯದು ಮೊರ, ಎರಡನೆಯದು ಮುಖ. ಗೌರಿಹಬ್ಬಕ್ಕೆ ಮೊರದ ಬಾಗಿನ ಕೊಡುವ ನಮಗೆ ಈ ಹೆಸರು ಹೊರಗಿನದೆನಿಸುವುದಿಲ್ಲ.

ಒಸಾಕಾದ ಉಮೇದಾ ನಿಲ್ದಾಣದಲ್ಲಿ ಹಾನ್ಕ್ಯೂ ರೈಲು ಹತ್ತಿ, ಇಶಿಬಾಶಿಯಲ್ಲಿ ಬದಲಾಯಿಸಿದರೆ ಸುಮಾರು ಅರ್ಧ ಗಂಟೆಯಲ್ಲಿ ಮಿನೋ ಸಿಗುತ್ತದೆ. ಈ ಹಳಿ ಹಾಕಿದ್ದು 1910ರಲ್ಲಿ. ನಗರದ ಜನರನ್ನು ರಜೆಯ ದಿನ ಬೆಟ್ಟದ ಕಡೆ ಸೆಳೆಯಬೇಕೆಂದು ಕೊಬಾಯಾಶಿ ಇಚಿಝೋ ಎಂಬ ಉದ್ಯಮಿ ಇಲ್ಲೊಂದು ಮೃಗಾಲಯವನ್ನೂ ಕಟ್ಟಿಸಿದ್ದ. ಅದು 1916ರಲ್ಲಿ ಮುಚ್ಚಿತು. ಕಾಡು ಉಳಿಯಿತು, ರೈಲೂ ಉಳಿಯಿತು. ಒಳ್ಳೆಯದೇ ಆಯಿತು ಎಂದು ನನಗನ್ನಿಸುತ್ತದೆ. ಇಲ್ಲಿಗೆ ಬರುವವರಿಗೆ ನೀರು, ಮರ, ದೇವರು ಸಾಕು.

ನಿಲ್ದಾಣದ ಬಾಗಿಲಿನಿಂದಲೇ ‘ತಾಕಿಮಿಚಿ’ ಆರಂಭ. ಜಲಪಾತದ ದಾರಿ ಎಂದೇ ಅದರ ಅರ್ಥ. ಸುಮಾರು 2.8 ಕಿಲೋಮೀಟರ್, ಹೊಳೆಯ ಜೊತೆಜೊತೆಗೇ ಮೆಲ್ಲಗೆ ಏರುವ ಹಾದಿ. ಅಜ್ಜಿಯರು ಮೊಮ್ಮಕ್ಕಳ ಕೈ ಹಿಡಿದು ನಡೆಯಬಹುದು. ನಿಧಾನವಾಗಿ ಹೋದರೂ ಒಂದು ಗಂಟೆ ಸಾಕು. ಮೊದಲ ತಿರುವುಗಳಲ್ಲಿ ಎಣ್ಣೆ ಕಾದ ವಾಸನೆ. ಇಲ್ಲಿನ ಅಂಗಡಿಗಳಲ್ಲಿ ಮೇಪಲ್ ಎಲೆಯನ್ನು ಸಿಹಿ ಹಿಟ್ಟಿನಲ್ಲಿ ಅದ್ದಿ, ಎಳ್ಳು ಸೇರಿಸಿ, ಗರಿಗರಿಯಾಗಿ ಕರಿಯುತ್ತಾರೆ. ಎಲೆಯನ್ನು ವರ್ಷದಷ್ಟು ಕಾಲ ಉಪ್ಪಿನಲ್ಲಿ ಹಾಕಿಟ್ಟು, ಆಮೇಲೆ ಉಪ್ಪು ಬಿಡಿಸಿ ಕರಿಯುವುದು ಕ್ರಮ. ಎಲೆಗೆಂದು ವಿಶೇಷ ರುಚಿಯೇನೂ ಇಲ್ಲ, ನಾಲಿಗೆಗೆ ಸಿಗುವುದು ಹಿಟ್ಟು ಮತ್ತು ಎಳ್ಳು. ಆದರೂ ನಮ್ಮ ದೊಡ್ಡಪತ್ರೆಯ ಬೋಂಡ ತಿಂದವರಿಗೆ ಆ ಆಕಾರದ ಸುಖ ಗೊತ್ತು. ಬೆಟ್ಟದ ತಪಸ್ವಿಗಳು ಎಲೆಯ ಚೆಲುವಿಗೆ ಸೋತು, ದೀಪದ ಎಣ್ಣೆಯಲ್ಲಿ ಕರಿದು ದಾರಿಹೋಕರಿಗೆ ಕೊಟ್ಟರೆಂದು ಕಥೆ.

ಆ ತಪಸ್ವಿಗಳ ಮೂಲಪುರುಷ ಎನ್ ನೋ ಗ್ಯೋಜಾ, ಏಳನೇ ಶತಮಾನದವನು. ಬೆಟ್ಟವನ್ನೇ ಗುರುವೆಂದು ನಂಬುವ ಶುಗೆಂದೋ ಪಂಥ ಶುರುವಾದದ್ದು ಅವನಿಂದ ಎನ್ನುತ್ತಾರೆ. ದಾರಿಯ ನಡುವೆ ಕೆಂಪು ಸೇತುವೆಯ ಬಳಿ ಸಿಗುವ ರ್‍ಯೂಆನ್‌ಜಿ ದೇವಾಲಯ ಅವನು ಕಟ್ಟಿದ್ದೆಂದು ಐತಿಹ್ಯ. ಅಲ್ಲಿನ ದೇವತೆ ಬೆನ್‌ಝೈತೆನ್. ಹೆಸರು ಬೇರೆಯಾದರೂ ಅವಳು ನಮ್ಮ ಸರಸ್ವತಿಯೇ. ಸುವರ್ಣಪ್ರಭಾಸ ಸೂತ್ರದಂಥ ಬೌದ್ಧ ಗ್ರಂಥಗಳ ಚೀನೀ ಅನುವಾದಗಳ ಜೊತೆ ಹೊರಟು ಜಪಾನ್ ಸೇರಿದವಳು. ವೀಣೆ ಇರಬೇಕಾದ ಕೈಯಲ್ಲಿ ಅಲ್ಲಿ ಬಿವಾ ಎಂಬ ತಂತಿವಾದ್ಯ. ಅವಳ ಗುಡಿಗಳು ಹೆಚ್ಚಾಗಿ ಇರುವುದು ನೀರಿನ ಹತ್ತಿರವೇ. ಸರಸ್ವತಿ ಮೊದಲು ನದಿಯಾಗಿದ್ದಳು ಎಂಬುದನ್ನು ಜಪಾನ್ ಮರೆತಿಲ್ಲ. ತುಂಗೆಯ ದಡದ ಶೃಂಗೇರಿಯಲ್ಲಿ ಶಾರದಾಂಬೆಯನ್ನು ಕಂಡವರು ಇಲ್ಲಿ ಸ್ವಲ್ಪ ಹೊತ್ತು ಹೆಚ್ಚೇ ನಿಲ್ಲುತ್ತಾರೆ.

ಮುಂದೆ ಕಣಿವೆ ಕಿರಿದಾಗುತ್ತದೆ. ಜಲಪಾತ ನೋಡಲು ಬಂದ ಚೀನೀ ಶ್ರೀಮಂತನೊಬ್ಬ ಹಾದಿಯ ಕಡಿದಾದ ನೋಟಕ್ಕೆ ಹೆದರಿ, ದಾರಿಗೆ ಬಾಗಿ ನಿಂತ ದೊಡ್ಡ ಬಂಡೆಯೊಂದರ ಬಳಿಯಿಂದಲೇ ಹಿಂದಿರುಗಿದನಂತೆ. ಕೋತಿಗಳ ವಿಚಾರವೂ ಇದೆ. ಹಿಂದೆ ಪ್ರವಾಸಿಗರಿಗಾಗಿ ತಿಂಡಿ ಹಾಕಿ ಪಳಗಿಸಿದ್ದರಿಂದ ಅವು ಕೈಯಲ್ಲಿದ್ದುದನ್ನೇ ಕಸಿಯಲು ಕಲಿತವು. 2010ರಲ್ಲಿ ನಗರಾಡಳಿತ ಕೋತಿಗೆ ತಿನಿಸು ಕೊಡುವುದನ್ನು ಕಾನೂನಿನಿಂದಲೇ ನಿಷೇಧಿಸಿತು. ನಂದಿಬೆಟ್ಟದಲ್ಲಿ ಬುತ್ತಿ ಕಳೆದುಕೊಂಡವರಿಗೆ ಇದರ ಅಗತ್ಯ ವಿವರಿಸಬೇಕಿಲ್ಲ.

ಕೊನೆಯ ತಿರುವಿನಲ್ಲಿ ಕಣ್ಣಿಗಿಂತ ಮೊದಲು ಕಿವಿಗೆ ಅಬ್ಬಿ ಸಿಗುತ್ತದೆ. ಜೋಗದ ಅಬ್ಬರ ಇದಕ್ಕಿಲ್ಲ. ಬಂಡೆಯ ಮೇಲಿಂದ ಒಂದೇ ಬಿಳಿ ಧಾರೆ, ಕೆಳಗೆ ಹಸಿರು ಮಡು. ನವೆಂಬರಿನ ಎರಡನೇ ಭಾಗದಲ್ಲಿ ಸುತ್ತಲಿನ ಮೇಪಲ್ ಕೆಂಪಾಗುತ್ತವೆ. ಆಗ ಜನವೋ ಜನ. ಆಯ್ಕೆ ಇದ್ದರೆ ವಾರದ ನಡುವೆ, ಬೆಳಗ್ಗೆ ಬೇಗ ಹೋಗುವುದು ಮೇಲು. ಎನ್ ನೋ ಗ್ಯೋಜಾ ಇಲ್ಲೇ ತಪಸ್ಸು ಮಾಡಿ ನಾಗಾರ್ಜುನನ ದರ್ಶನ ಪಡೆದನೆಂಬ ಕಥೆಯಿದೆ. ನಾಗಾರ್ಜುನ ಎಂದರೆ ಶೂನ್ಯವಾದದ ಆಚಾರ್ಯ, ದಕ್ಷಿಣ ಭಾರತದವನೆಂದು ಬೌದ್ಧ ಪರಂಪರೆ ಹೇಳುವವನು. ಕೃಷ್ಣಾ ತೀರದ ನಾಗಾರ್ಜುನಕೊಂಡಕ್ಕೆ ಅವನದೇ ಹೆಸರು. ಅಷ್ಟು ದೂರದ ಗುರುವನ್ನು ಈ ನೀರಿನ ಹಿಂದೆ ಕಾಣಲು ಎಂಥ ಹಂಬಲ ಇದ್ದಿರಬೇಕು!

ಬಹಳ ಜನ ಇಲ್ಲಿಂದಲೇ ಹಿಂದಿರುಗುತ್ತಾರೆ. ಕಾಲಲ್ಲಿ ಬಲ ಉಳಿದಿದ್ದರೆ ಬೆಟ್ಟ ಹತ್ತಿ ಕಾತ್ಸುಓಜಿ ದೇವಾಲಯದವರೆಗೆ ಹೋಗಬೇಕು. ಟೋಕಿಯೋ ಬಳಿಯ ತಾಕಾವೊ ಬೆಟ್ಟದವರೆಗೆ ಸಾಗುವ ಉದ್ದನೆಯ ತೋಕಾಯ್ ಕಾಲುದಾರಿಯ ಒಂದು ತುದಿಯೂ ಇದೇ ಕಾಡಿನಲ್ಲಿದೆ. ಕಾತ್ಸುಓಜಿಯ ಗೋಡೆ, ಮೆಟ್ಟಿಲು, ಕಲ್ಲಿನ ಸಂದುಗಳಲ್ಲೆಲ್ಲ ಕೆಂಪು ದಾರುಮಾ ಗೊಂಬೆಗಳು. ದಾರುಮಾ ಎಂದರೆ ಬೋಧಿಧರ್ಮ, ಕಂಚಿಯ ಕಡೆಯವನೆಂದು ಹೇಳುವ ಸಂತ. ಹರಕೆ ಹೊತ್ತಾಗ ಗೊಂಬೆಗೆ ಒಂದು ಕಣ್ಣು ಬರೆಯುತ್ತಾರೆ, ಕೈಗೂಡಿದ ಮೇಲೆ ಇನ್ನೊಂದು. ಎರಡೂ ಕಣ್ಣು ತುಂಬಿಕೊಂಡ ಗೊಂಬೆಗಳು ಅಲ್ಲಿ ಸಾಲುಸಾಲಾಗಿ ಕೂತಿವೆ.