ಫ್ಯೂಸ್ ಹೋಯಿತೆ? ಅಂಕಿಯ ಜೊತೆ ಅಕ್ಷರವನ್ನೂ ನೋಡಿ

ಶಾಲೆಯ ವಿಜ್ಞಾನ ಪ್ರದರ್ಶನಕ್ಕೆಂದು ಹುಡುಗನೊಬ್ಬ ಆಂಪ್ಲಿಫೈಯರ್ ತಯಾರಿಸುತ್ತಾನೆ ಎನ್ನೋಣ. ಸ್ವಿಚ್ ಒತ್ತಿದ ಕೂಡಲೇ ಫ್ಯೂಸ್ ‘ಟಪ್’ ಎನ್ನುತ್ತದೆ. ಹೊಸದು ಹಾಕಿದರೆ ಅದೂ ಹೋಗುತ್ತದೆ. ಮೂರನೆಯ ಸಲ ಅಪ್ಪ ಹಳೆಯ ವೈರಿನಿಂದ ತಾಮ್ರದ ಎಳೆಯೊಂದನ್ನು ಕಿತ್ತು ಫ್ಯೂಸಿನ ಜಾಗದಲ್ಲಿ ಸುತ್ತಿಬಿಡುತ್ತಾರೆ. ಆಂಪ್ಲಿಫೈಯರ್ ಹಾಡತೊಡಗುತ್ತದೆ. ಮನೆಮಂದಿಗೆಲ್ಲ ಸಂತೋಷ. ಆದರೆ ಆ ಕ್ಷಣದಿಂದ ಆ ಪೆಟ್ಟಿಗೆಗೆ ಕಾವಲುಗಾರನೇ ಇಲ್ಲ!

ಫ್ಯೂಸಿನ ತತ್ತ್ವ ಸರಳ. ತಂತಿಯಲ್ಲಿ ವಿದ್ಯುತ್ ಹರಿದರೆ ಶಾಖ ಹುಟ್ಟುತ್ತದೆ. ಪ್ರವಾಹ ಎರಡು ಪಟ್ಟಾದರೆ ಶಾಖ ನಾಲ್ಕು ಪಟ್ಟಾಗುತ್ತದೆ. ಮಿತಿ ಮೀರಿದಾಗ ಗಾಜಿನ ಕೊಳವೆಯೊಳಗಿನ ಸಣ್ಣ ತಂತಿ ತಾನು ಕರಗಿ ಉಪಕರಣವನ್ನು ಉಳಿಸುತ್ತದೆ. ಆದರೆ 0.2 ಮಿಲಿಮೀಟರ್ ದಪ್ಪದ ತಾಮ್ರದ ಎಳೆ ಕರಗಲು ಸುಮಾರು 7 ಆಂಪಿಯರ್ ಬೇಕು. ಅಷ್ಟರೊಳಗೆ ಟ್ರಾನ್ಸ್‌ಫಾರ್ಮರ್ ಸುಟ್ಟು ಬೆಂಕಿ ಹೊತ್ತಿಕೊಂಡರೂ ಆಶ್ಚರ್ಯವಿಲ್ಲ.

ಹಾಗಾದರೆ ಮೊದಲಿನ ಫ್ಯೂಸುಗಳು ಹೋದದ್ದೇಕೆ? ಉಪಕರಣದಲ್ಲಿ ದೋಷವೇ ಇದ್ದಿರಬಹುದು, ಇಲ್ಲದೆಯೂ ಇರಬಹುದು. ಸ್ವಿಚ್ ಹಾಕಿದ ಕ್ಷಣದಲ್ಲಿ ಟ್ರಾನ್ಸ್‌ಫಾರ್ಮರ್ ಮತ್ತು ಖಾಲಿ ಕೆಪಾಸಿಟರುಗಳು ಮಾಮೂಲಿಗಿಂತ ಹಲವು ಪಟ್ಟು ವಿದ್ಯುತ್ತನ್ನು ಒಮ್ಮೆಲೇ ಎಳೆದುಕೊಳ್ಳುತ್ತವೆ. ಕ್ಷಣಾರ್ಧದಲ್ಲಿ ಅದು ತಗ್ಗುತ್ತದೆ. ಇದನ್ನು ಸಹಿಸಿಕೊಳ್ಳುವ ಫ್ಯೂಸುಗಳೇ ಬೇರೆ.

ಫ್ಯೂಸಿನ ಲೋಹದ ಟೋಪಿಯ ಮೇಲೆ ಕಣ್ಣಿಟ್ಟು ನೋಡಿದರೆ ಅಂಕಿಯ ಹಿಂದೆ ‘ಎಫ್’ ಅಥವಾ ‘ಟಿ’ ಎಂಬ ಇಂಗ್ಲಿಷ್ ಅಕ್ಷರ ಸಿಗುತ್ತದೆ. ಎಫ್ ಎಂದರೆ ಚುರುಕಿನದು. ಟಿ ಎಂದರೆ ನಿಧಾನದ್ದು. ಗುರುತಿಸಿದ ಮಿತಿಯ ಹತ್ತು ಪಟ್ಟು ಪ್ರವಾಹ ಹರಿದರೆ ಸಾಮಾನ್ಯ ಎಫ್ ಫ್ಯೂಸ್ 20 ಮಿಲಿಸೆಕೆಂಡಿನೊಳಗೆ ಕರಗುತ್ತದೆ. ಟಿ ಫ್ಯೂಸ್ 20ರಿಂದ 300 ಮಿಲಿಸೆಕೆಂಡ್ ತಡೆಯುತ್ತದೆ. ಟ್ರಾನ್ಸ್‌ಫಾರ್ಮರ್ ಇರುವ ಉಪಕರಣಕ್ಕೆ ಟಿ ಸೂಕ್ತ. ಮಲ್ಟಿಮೀಟರಿನಂಥ ಸೂಕ್ಷ್ಮ ಸಾಧನಗಳಿಗೆ ಚುರುಕಿನದೇ ಬೇಕು.

ಅಂಕಿಯ ಲೆಕ್ಕವೂ ಕಷ್ಟವಲ್ಲ. ಆಂಪ್ಲಿಫೈಯರ್ 60 ವ್ಯಾಟ್ ಬಳಸುತ್ತದೆ ಎಂದಾದರೆ, ಅದನ್ನು 230 ವೋಲ್ಟಿನಿಂದ ಭಾಗಿಸಿದಾಗ ಸುಮಾರು 0.26 ಆಂಪಿಯರ್ ಬರುತ್ತದೆ. ಅದರ ಒಂದೂವರೆ ಪಟ್ಟು 0.39. ಹತ್ತಿರದ ಅಳತೆ 400 ಮಿಲಿಆಂಪಿಯರ್. ಇದು ಸ್ವಂತವಾಗಿ ಕಟ್ಟಿದ ಉಪಕರಣಕ್ಕೆ ಅಂದಾಜಿನ ಸೂತ್ರ. ಅಂಗಡಿಯಿಂದ ತಂದ ಉಪಕರಣವಾದರೆ ತಯಾರಕರು ಸೂಚಿಸಿದ್ದೇ ಅಂತಿಮ.

ವೋಲ್ಟೇಜನ್ನೂ ಮರೆಯಬಾರದು. ಮನೆಯ ವಿದ್ಯುತ್ತಿಗೆ ಜೋಡಿಸುವ ಫ್ಯೂಸಿನ ಮೇಲೆ 250 ವೋಲ್ಟ್ ಎಂದಿರಬೇಕು. ಕಾರಿನ 32 ವೋಲ್ಟಿನ ಫ್ಯೂಸ್ ಹಾಕಿದರೆ ತಂತಿ ಕರಗಿದ ಮೇಲೂ ಕಿಡಿಯ ಮೂಲಕ ವಿದ್ಯುತ್ ಹರಿಯುತ್ತಲೇ ಇರಬಹುದು.

ಆದ್ದರಿಂದ ಅಂಗಡಿಯಲ್ಲಿ ‘ಒಂದು ಫ್ಯೂಸ್ ಕೊಡಿ’ ಎಂದರೆ ಸಾಲದು. ಆಂಪಿಯರ್, ವೋಲ್ಟ್, ಅಕ್ಷರ, ಅಳತೆ ನಾಲ್ಕನ್ನೂ ಹೇಳಬೇಕು. ಬದಲಿಸುವ ಮುನ್ನ ಪ್ಲಗ್ಗನ್ನೇ ಕಿತ್ತಿರಬೇಕು.

ಸರಿಯಾದ ಫ್ಯೂಸ್ ಹಾಕಿದ ಮೇಲೂ ಮತ್ತೆ ಹೋದರೆ? ಆಗ ದೋಷ ಒಳಗೇ ಇದೆ ಎಂದು ತಿಳಿಯಬೇಕು. ಕೆಲವೊಮ್ಮೆ ಫ್ಯೂಸಿಗಿಂತ ಮೊದಲೇ ಟ್ರಾನ್ಸಿಸ್ಟರ್ ಸತ್ತಿರುತ್ತದೆ. ಅದನ್ನು ಉಳಿಸಲು ಫ್ಯೂಸಿಗೆ ಸಾಧ್ಯವಾಗದಿರಬಹುದು, ಆದರೆ ಮನೆಗೆ ಬೆಂಕಿ ಬೀಳದಂತೆ ತಡೆದಿರುತ್ತದೆ. ಕೆಲವೇ ರೂಪಾಯಿಯ ಆ ಗಾಜಿನ ಕೊಳವೆಯ ಬಾಯಿಯನ್ನು ತಾಮ್ರದ ಎಳೆಯಿಂದ ಕಟ್ಟುವುದು ಜಾಣತನವಲ್ಲ.