ಸಿಪಾಯಿ ಪಿಂಚಣಿಯಲ್ಲಿ ಹಳೇ ಫಿಯೆಟ್ ಸಾಕಲು ಆಗುತ್ತದೆಯೇ?

ಹೊರಮಾವು: ಹಳೇ ಕಾರಿನ ಶೋಕಿ ಅಂದೊಡನೆ ಜನಕ್ಕೆ ನೆನಪಾಗುವುದು ಮಹಾರಾಜರು, ಅವರು ಬಿಟ್ಟರೆ ಸಾಹುಕಾರರು. ಧರ್ಮಸ್ಥಳಕ್ಕೆ ಹೋದವರು ಅಲ್ಲಿನ ಹಳೇ ಕಾರುಗಳ ಸಂಗ್ರಹವನ್ನು ಬಾಯಿ ಬಿಟ್ಟುಕೊಂಡು ನೋಡಿ, "ಇದೆಲ್ಲ ನಮ್ಮಂಥೋರಿಗೆ ಅಲ್ಲಪ್ಪಾ" ಅಂತ ಬಸ್ಸು ಹತ್ತುತ್ತಾರೆ. ಆದರೆ ಹೊರಮಾವಿನ ಕಡೆ ಈ ಪ್ರಶ್ನೆ ಬೇರೆ ರೂಪದಲ್ಲಿ ಬರುತ್ತದೆ. ಮಿಲಿಟರಿಯಿಂದ ಹವಾಲ್ದಾರನಾಗಿ ಹೊರಬಂದವನು, ತಿಂಗಳ ಪಿಂಚಣಿಯಲ್ಲಿ ಮನೆ ನಡೆಸಿಕೊಂಡು, ಒಂದು ಹಳೇ ಫಿಯೆಟ್ಟನ್ನು ಅಂಗಳದಲ್ಲಿ ಸಾಕಲು ಸಾಧ್ಯವೇ?

ಸಾಧ್ಯ. ಆದರೆ ಲೆಕ್ಕ ಗೊತ್ತಿರಬೇಕು.

ಈ ಪ್ರಶ್ನೆ ಪೂರ್ವ ಬೆಂಗಳೂರಿನಲ್ಲಿ ಏಳುವುದಕ್ಕೆ ಕಾರಣವಿದೆ. ಹಲಸೂರಿನಲ್ಲಿ ಮದ್ರಾಸ್ ಎಂಜಿನಿಯರ್ ಗ್ರೂಪಿನ ಕೇಂದ್ರ ಇದೆ. ಅದೇ ಕಡೆ ಸೇನೆಯ ಗಾಡಿ, ಯಂತ್ರ ರಿಪೇರಿ ಮಾಡುವ 515 ಬೇಸ್ ವರ್ಕ್‌ಶಾಪ್ ಇದೆ. ದಂಡಿನಲ್ಲಿ ದುಡಿದು ನಿವೃತ್ತರಾದವರಲ್ಲಿ ಊರು ಬೆಳೆದ ಹಾಗೆಲ್ಲ ಬಾಣಸವಾಡಿ, ರಾಮಮೂರ್ತಿನಗರ, ಹೊರಮಾವು ಅಂತ ಪೂರ್ವಕ್ಕೆ ಸರಿದು ಮನೆ ಕಟ್ಟಿಕೊಂಡವರು ಕಡಿಮೆಯಿಲ್ಲ. ಸ್ಪ್ಯಾನರ್ ಹಿಡಿದು ಇಪ್ಪತ್ತು ವರ್ಷ ಕಳೆದ ಕೈ ಪಿಂಚಣಿ ಬಂದ ಮಾತ್ರಕ್ಕೆ ಸುಮ್ಮನಿರುತ್ತದೆಯೇ?

ಸೈನಿಕನ ಶೋಕಿ ಹೊಸದಲ್ಲ

ಗಾಡಿಯ ಆಸೆಗೂ ಸಿಪಾಯಿಯ ಸಂಬಳಕ್ಕೂ ಹಳೇ ಜಗಳ. ಫೀಲ್ಡ್ ಮಾರ್ಷಲ್ ಮಾಣೆಕ್ ಷಾ ಅವರೇ ಹೇಳುತ್ತಿದ್ದ ಕತೆ ಇದು. 1947ರಲ್ಲಿ ಅವರ ಬಳಿ ಒಂದು ಕೆಂಪು ಮೋಟಾರ್ ಸೈಕಲ್ ಇತ್ತು. ಜೊತೆಗಿದ್ದ ಯಾಹ್ಯಾ ಖಾನ್ ಅದರ ಮೇಲೆ ಕಣ್ಣು ಹಾಕಿದರು. ಸಾವಿರ ರೂಪಾಯಿಗೆ ಮಾತಾಯಿತು. ದೇಶ ಇಬ್ಭಾಗವಾಗಿ ಯಾಹ್ಯಾ ಗಾಡಿ ಸಮೇತ ಪಾಕಿಸ್ತಾನಕ್ಕೆ ಹೋದರು, ಹಣ ಮಾತ್ರ ಬರಲೇ ಇಲ್ಲ. 1971ರ ಯುದ್ಧ ಗೆದ್ದ ಮೇಲೆ ಮಾಣೆಕ್ ಷಾ ನಗುತ್ತಾ, ಸಾವಿರ ರೂಪಾಯಿ ಬದಲು ಅರ್ಧ ದೇಶವನ್ನೇ ಕೊಟ್ಟು ಸಾಲ ತೀರಿಸಿದ ಅಂದರಂತೆ! ಅಧಿಕಾರಿಗಳಿಗೂ ಆ ಕಾಲಕ್ಕೆ ಸಾವಿರ ರೂಪಾಯಿ ಮರೆಯುವಂಥ ಮೊತ್ತ ಆಗಿರಲಿಲ್ಲ ಅನ್ನುವುದು ಇದರಲ್ಲಿ ಗೊತ್ತಾಗುತ್ತದೆ.

ಹೊರದೇಶದಲ್ಲೂ ಅದೇ ಕತೆ. ಎರಡನೇ ಮಹಾಯುದ್ಧದಲ್ಲಿ ಇಂಗ್ಲೆಂಡಿನಲ್ಲಿದ್ದ ಅಮೆರಿಕದ ಸಿಪಾಯಿಗಳು ಅಲ್ಲಿನ ಎಂ.ಜಿ. ಎಂಬ ಎರಡು ಸೀಟಿನ ಪುಟ್ಟ ಕಾರುಗಳಿಗೆ ಮನಸೋತರು. ಯುದ್ಧ ಮುಗಿದ ಮೇಲೆ ಅಮೆರಿಕದಲ್ಲಿ ಆ ಕಾರುಗಳ ಹುಚ್ಚು ಹಬ್ಬಲು ಊರಿಗೆ ಮರಳಿದ ಈ ಸಿಪಾಯಿಗಳೂ ಕಾರಣ. ಅವರೇನು ಕೋಟ್ಯಧಿಪತಿಗಳಲ್ಲ. ಕಾರು ಚಿಕ್ಕದು, ರಿಪೇರಿ ತಮ್ಮ ಕೈಯಲ್ಲೇ ಆಗುವಂಥದ್ದು. ಗುಟ್ಟು ಅಲ್ಲೇ ಇದೆ.

ಕೊಳ್ಳುವ ಬೆಲೆ, ಸಾಕುವ ಬೆಲೆ

ಹೆಸರು ಬೇಡ, ಒಬ್ಬ ಹವಾಲ್ದಾರರು ಅಂತ ಇಟ್ಟುಕೊಳ್ಳಿ. 2016ರಿಂದ ಜಾರಿಯಾದ ಏಳನೇ ವೇತನ ಆಯೋಗದ ಪ್ರಕಾರ ಹವಾಲ್ದಾರರ ಮೂಲ ವೇತನ ಶುರುವಾಗುವುದು 29,200 ರೂಪಾಯಿಗೆ. ಅದರ ಮೇಲೆ ಮಿಲಿಟರಿ ಸೇವಾ ವೇತನ 5,200. ನಿವೃತ್ತಿಯ ಹೊತ್ತಿಗೆ ಮೂಲ ವೇತನ 40 ಸಾವಿರ ಮುಟ್ಟಿತ್ತು ಅನ್ನೋಣ. ಎರಡೂ ಕೂಡಿಸಿದರೆ 45,200. ಪಿಂಚಣಿ ಅದರ ಅರ್ಧ, ಅಂದರೆ 22,600. ತುಟ್ಟಿ ಪರಿಹಾರ ಬೇರೆ.

ಸೇನೆಯವರು ಪಿಂಚಣಿಯ ಅರ್ಧದವರೆಗೂ ಮಾರಿ ಒಟ್ಟಿಗೆ ಒಂದು ಗಂಟು ತೆಗೆದುಕೊಳ್ಳಬಹುದು. ಇದಕ್ಕೆ ಕಮ್ಯುಟೇಶನ್ ಅಂತ ಹೆಸರು. ಮಾರಿದ ಭಾಗ ಮತ್ತೆ ಕೈಗೆ ಬರುವುದು 15 ವರ್ಷ ಕಳೆದ ಮೇಲೆ. ಅಪಾಯ ಇರುವುದೇ ಇಲ್ಲಿ. ಗಂಟು ಕೈಗೆ ಬಂದ ವಾರದಲ್ಲೇ ಯಾರೋ ಒಬ್ಬರು, "ಸಾರ್, ಒಂದು ಒಳ್ಳೇ ಗಾಡಿ ಇದೆ, ಬಿಟ್ಟರೆ ಸಿಗೋಲ್ಲ" ಅನ್ನುತ್ತಾರೆ. ಮನೆಯಾಕೆ, "ರೀ, ಮಗಳ ಕಾಲೇಜು ಫೀಸು ಕಟ್ಟೋ ದುಡ್ಡನ್ನ ಈ ತಗಡಿಗೆ ಸುರೀತೀರಾ?" ಅಂತ ಕೇಳಿದರೆ ಆಕೆಯ ಮಾತೇ ಸರಿ. ಗಂಟಿನ ಹಣ ಮನೆಗೆ, ಮಕ್ಕಳಿಗೆ. ಕಾರಿನ ಹಣ ತಿಂಗಳ ಉಳಿತಾಯದಿಂದಲೇ ಬರಬೇಕು. ಈ ಗೆರೆ ದಾಟಿದವನಿಗೆ ಕಾರೂ ಉಳಿಯುವುದಿಲ್ಲ, ಮನೆಯ ನೆಮ್ಮದಿಯೂ ಉಳಿಯುವುದಿಲ್ಲ.

ಈಗ ಸಾಕುವ ಖರ್ಚು ನೋಡೋಣ. 2022ರ ಜೂನ್ 1ರಿಂದ ಬಂದ ದರಪಟ್ಟಿಯಂತೆ 1,000ದಿಂದ 1,500 ಸಿ.ಸಿ.ವರೆಗಿನ ಸ್ವಂತ ಕಾರಿಗೆ ಕಡ್ಡಾಯ ಥರ್ಡ್ ಪಾರ್ಟಿ ವಿಮೆ ವರ್ಷಕ್ಕೆ 3,416 ರೂಪಾಯಿ. ತಿಂಗಳಿಗೆ ಸುಮಾರು 285. ಕಾರಿಗೆ 15 ವರ್ಷ ತುಂಬಿದ ಮೇಲೆ ಆರ್.ಸಿ.ಯನ್ನು 5 ವರ್ಷಕ್ಕೊಮ್ಮೆ ನವೀಕರಿಸಬೇಕು. ಮೊದಲು ಇದಕ್ಕೆ 600 ರೂಪಾಯಿ ಇತ್ತು. 2022ರ ಏಪ್ರಿಲ್‌ನಿಂದ 5,000 ಆಯಿತು. 2025ರ ಆಗಸ್ಟ್‌ನಲ್ಲಿ 20 ವರ್ಷ ದಾಟಿದ ಕಾರಿಗೆ 10,000 ಮಾಡಿದರು. ಐದು ವರ್ಷಕ್ಕೆ ಹಂಚಿದರೆ ತಿಂಗಳಿಗೆ 167. ಎರಡೂ ಸೇರಿ ಕಾಗದದ ಖರ್ಚೇ ತಿಂಗಳಿಗೆ 450 ರೂಪಾಯಿ ಮೇಲಾಯಿತು. ತಿಂಗಳಿಗೆ 1,500 ರೂಪಾಯಿ ಒಂದು ಡಬ್ಬಿಗೆ ಹಾಕಿದರೆ ಆಯಿಲು, ಬ್ಯಾಟರಿ, ಟೈರು, ಬೆಲ್ಟು ಅಂತ ಉಳಿಯುವುದು ಸಾವಿರದ ಚಿಲ್ಲರೆ. ಪೆಟ್ರೋಲು ಬೇರೆ. ಡಬ್ಬಿ ಖಾಲಿಯಾದರೆ ಕಾರು ನಿಂತಿರಲಿ. ಸಾಲ ಮಾಡಿ ಓಡಿಸುವುದು ಬೇಡ.

ಫಿಯೆಟ್ಟೋ, ಜೋಂಗಾವೋ?

ಮಿಲಿಟರಿಯವರಿಗೆ ಜೋಂಗಾ ಅಂದರೆ ಪ್ರಾಣ. ನಿಸಾನ್ ಕಂಪನಿಯ ಗಾಡಿಯನ್ನು ಜಬಲ್‌ಪುರದ ಸೇನಾ ಕಾರ್ಖಾನೆ ಇಲ್ಲಿಯೇ ತಯಾರಿಸಿತು. ಎಷ್ಟೋ ಜನ ಚಾಲನೆ ಕಲಿತದ್ದೇ ಅದರಲ್ಲಿ. ಆದರೆ ಅದರ ಎಂಜಿನ್ 3,956 ಸಿ.ಸಿ. ಪೆಟ್ರೋಲು ಕುಡಿಯುವುದರಲ್ಲಿ ಒಂಟೆಯನ್ನೂ ಮೀರಿಸುತ್ತದೆ. ಅದೇ 2022ರ ದರಪಟ್ಟಿಯಲ್ಲಿ 1,500 ಸಿ.ಸಿ. ಮೀರಿದ ಗಾಡಿಯ ವಿಮೆ 7,897 ರೂಪಾಯಿ. ಆನೆ ಕೊಂಡ ಮೇಲೆ ಮೇವಿನ ಲೆಕ್ಕ ಹಾಕಿದರೆ ಪ್ರಯೋಜನವಿಲ್ಲ.

ಅದೇ ಪ್ರೀಮಿಯರ್ ಪದ್ಮಿನಿ, ಜನರ ಬಾಯಲ್ಲಿ ಫಿಯೆಟ್, 1,089 ಸಿ.ಸಿ. ಗಾಡಿ. ಸ್ಟಿಯರಿಂಗ್ ಪಕ್ಕದಲ್ಲೇ ಗೇರು, ನಾಲ್ಕು ಸಿಲಿಂಡರು, ಬಾನೆಟ್ ಎತ್ತಿದರೆ ಎಲ್ಲವೂ ಕಣ್ಣಿಗೆ ಕಾಣುತ್ತದೆ, ಕೈಗೆ ಎಟಕುತ್ತದೆ. ಮುಂಬೈಯಲ್ಲಿ ಟ್ಯಾಕ್ಸಿಗಳಾಗಿ ದಶಕಗಳ ಕಾಲ ಓಡಿದ್ದರಿಂದ ಬಿಡಿಭಾಗಗಳ ತಯಾರಿ ನಿಲ್ಲಲಿಲ್ಲ. ಆ ಟ್ಯಾಕ್ಸಿಗಳು 2023ರ ಅಕ್ಟೋಬರ್ ಕೊನೆಗೆ ರಸ್ತೆಯಿಂದ ಮರೆಯಾದವು. ಇನ್ನು ಮುಂದೆ ಸಾಮಾನು ಹುಡುಕುವ ಕಷ್ಟ ಹೆಚ್ಚಬಹುದು. ಹಾಗಾಗಿ ಸಿಕ್ಕಾಗ ಒಂದು ಜೊತೆ ಹೆಚ್ಚಿಗೆ ತೆಗೆದಿಡುವುದು ಜಾಣತನ. 1,489 ಸಿ.ಸಿ.ಯ ಹಳೇ ಅಂಬಾಸಿಡರ್ ಕೂಡ ಅದೇ ವಿಮೆಯ ಸಾಲಿನಲ್ಲಿ ಬರುತ್ತದೆ. ಅದರ ತಯಾರಿ ನಿಂತದ್ದು 2014ರಲ್ಲಿ.

ಕೈಕೆಲಸವೇ ಉಳಿತಾಯ

ಸಾಹುಕಾರ ಹಣ ಕೊಟ್ಟು ಕೆಲಸ ಮಾಡಿಸುತ್ತಾನೆ. ಸಿಪಾಯಿಯ ಬಳಿ ಇರುವುದು ಹೊತ್ತು, ಕೈ ಮತ್ತು ಶಿಸ್ತು. ಪ್ಲಗ್ ತೆಗೆದು ಉಜ್ಜುವುದು, ಪಾಯಿಂಟ್ ಸರಿಮಾಡುವುದು, ಕಾರ್ಬುರೇಟರ್ ಬಿಚ್ಚಿ ತೊಳೆಯುವುದು, ಆಯಿಲ್ ಬದಲಿಸುವುದು ಮನೆಯ ಅಂಗಳದಲ್ಲೇ ಆಗುವ ಕೆಲಸ. ಬ್ರೇಕು ಮತ್ತು ಎಂಜಿನ್ ಬೋರಿನ ಕೆಲಸ ಮಾತ್ರ ಬಲ್ಲ ಮೇಸ್ತ್ರಿಗೇ ಬಿಡಬೇಕು. ಸಾಮಾನಿಗೆ ಜೆ.ಸಿ. ರಸ್ತೆಯ ಅಂಗಡಿಗಳಿವೆ, ಶಿವಾಜಿನಗರದ ಗುಜರಿ ಇದೆ. ಹಳೆಯ ಭಾಗವನ್ನು ಕೈಯಲ್ಲಿ ಹಿಡಿದುಕೊಂಡೇ ಅಂಗಡಿಗೆ ಹೋಗಿ, ಪಕ್ಕದಲ್ಲಿಟ್ಟು ಅಳತೆ ನೋಡಿ ತನ್ನಿ. ಬಾಯಿಮಾತಿನಲ್ಲಿ ಕೇಳಿ ತಂದ ಸಾಮಾನಿನಲ್ಲಿ ಅರ್ಧ ವಾಪಸ್ಸು ಹೋಗುತ್ತದೆ.

ಎಲ್ಲಕ್ಕಿಂತ ದುಬಾರಿ ತುಕ್ಕು. ಎಂಜಿನ್ ಕೆಟ್ಟರೆ ಸರಿಮಾಡಬಹುದು. ತಳದ ತಗಡು ತಿಂದುಹೋಗಿದ್ದರೆ ಟಿಂಕರಿಂಗ್ ಖರ್ಚು ಕಾರಿನ ಬೆಲೆಯನ್ನೇ ನುಂಗುತ್ತದೆ. ಕೊಳ್ಳುವ ಮುಂಚೆ ಒಂದು ಸಣ್ಣ ಅಯಸ್ಕಾಂತ ಜೇಬಿನಲ್ಲಿಟ್ಟುಕೊಂಡು ಹೋಗಿ. ಬಾಗಿಲ ಕೆಳಗೆ, ಮಡ್‌ಗಾರ್ಡ್ ಅಂಚಿನಲ್ಲಿ ಹಿಡಿದು ನೋಡಿ. ಅಂಟಿಕೊಳ್ಳದಿದ್ದರೆ ಬಣ್ಣದ ಒಳಗಿರುವುದು ತಗಡಲ್ಲ, ಪುಟ್ಟಿ! ಫಳಫಳ ಹೊಳೆಯುವ ಬಣ್ಣ ನೋಡಿ ಮೋಸ ಹೋದವರು ಲೆಕ್ಕವಿಲ್ಲದಷ್ಟು.

ಇನ್ನೊಂದು ಮಾತು. 2025ರಲ್ಲಿ ದೇಶದ ಬಂಕುಗಳಿಗೆಲ್ಲ ಶೇಕಡ 20 ಎಥನಾಲ್ ಬೆರೆತ ಪೆಟ್ರೋಲು ಬಂತು. ಎಥನಾಲ್ ನೀರನ್ನು ಹೀರುತ್ತದೆ, ಹಳೇ ಕಾಲದ ರಬ್ಬರನ್ನು ತಿನ್ನುತ್ತದೆ. ಪೆಟ್ರೋಲ್ ಪೈಪು, ಪಂಪಿನ ಡಯಾಫ್ರಂ ಹೊಸ ಬಗೆಯ ರಬ್ಬರಿನದ್ದು ಹಾಕಿಸಬೇಕು. ಟ್ಯಾಂಕಿನಲ್ಲಿ ತಿಂಗಳುಗಟ್ಟಲೆ ಪೆಟ್ರೋಲು ಕೊಳೆಯಲು ಬಿಡದೆ ವಾರಕ್ಕೊಮ್ಮೆ ಕಾರನ್ನು ಓಡಿಸಬೇಕು. ಸೋರುವ ಪೈಪು ಬರೀ ಖರ್ಚಿನ ವಿಷಯವಲ್ಲ, ಬೆಂಕಿಯ ವಿಷಯ.

ಕಾಗದ ಮೊದಲು, ಕಾರು ಆಮೇಲೆ

ಅಗ್ಗಕ್ಕೆ ಸಿಕ್ಕಿತು ಅಂತ ಕಾಗದವಿಲ್ಲದ ಕಾರು ತಂದರೆ ಅದು ಕಾರಲ್ಲ, ಅಂಗಳದ ಗುಜರಿ. ಆರ್.ಸಿ.ಯಲ್ಲಿರುವ ಷಾಸಿ ನಂಬರು, ಎಂಜಿನ್ ನಂಬರು ಗಾಡಿಯ ಮೇಲಿನದಕ್ಕೆ ತಾಳೆಯಾಗಬೇಕು. ಕೊಂಡವನು 30 ದಿನದಲ್ಲಿ ತನ್ನ ಹೆಸರಿಗೆ ಮಾಡಿಸಿಕೊಳ್ಳಬೇಕು. ಸೇನೆಯ ಹರಾಜಿನ ಗಾಡಿಗಳಿಗೆ ಇರುವುದು ಬಾಣದ ಗುರುತಿನ ನಂಬರು. ಹರಾಜಿನ ಪತ್ರಗಳು ಪೂರ್ತಿ ಇದ್ದರೆ ಮಾತ್ರ ಆರ್‌ಟಿಓದಲ್ಲಿ ನೋಂದಣಿ.

ಇನ್ನೂ ನೌಕರಿಯಲ್ಲಿರುವವರಿಗೆ ತೊಂದರೆ ಹೆಚ್ಚು. ಇವತ್ತು ಬೆಂಗಳೂರು, ನಾಳೆ ಜಮ್ಮು. ಒಂದು ರಾಜ್ಯದ ಗಾಡಿ ಇನ್ನೊಂದು ರಾಜ್ಯದಲ್ಲಿ 12 ತಿಂಗಳು ಮೀರಿದರೆ ಅಲ್ಲಿ ಹೊಸ ನಂಬರು ಪಡೆಯಬೇಕೆಂದು ಕಾನೂನು ಹೇಳುತ್ತದೆ. ಕಾರನ್ನು ಊರಲ್ಲೇ ಬಿಟ್ಟು ಹೋದರೆ ನವೀಕರಣದ ದಿನ ಮರೆತುಹೋಗುತ್ತದೆ. 2022ರ ನಿಯಮದಲ್ಲಿ ಕಾರಿಗೆ ತಡವಾದ ಪ್ರತಿ ತಿಂಗಳಿಗೂ 500 ರೂಪಾಯಿ ದಂಡ ಬಿತ್ತು. ಗಡಿಯಲ್ಲಿ ಕಾವಲು ಕಾದವನು ರಜೆಗೆ ಬಂದು ದಂಡ ಕಟ್ಟುವ ಪರಿಸ್ಥಿತಿ!

50 ವರ್ಷ ದಾಟಿದ ಗಾಡಿಗಳಿಗೆ 2021ರ ಜುಲೈನಲ್ಲಿ ಕೇಂದ್ರ ಸರ್ಕಾರ ಬೇರೆಯೇ ನಿಯಮ ತಂದಿತು. 'ವಿಂಟೇಜ್' ಅಂತ ನೋಂದಣಿ ಮಾಡಿಸಲು 20,000 ರೂಪಾಯಿ, 10 ವರ್ಷ ಚಾಲ್ತಿ, ಆಮೇಲೆ ಮರುನೋಂದಣಿಗೆ 5,000. ಮೊದಲೇ ನೋಂದಣಿಯಾಗಿದ್ದ ಗಾಡಿ ತನ್ನ ಹಳೇ ನಂಬರನ್ನೇ ಉಳಿಸಿಕೊಳ್ಳಬಹುದು. ವಿಂಟೇಜ್ ಎಂದು ನೋಂದಣಿಯಾದ ಕಾರಿಗೆ 2022ರ ವಿಮೆ ಆದೇಶದಲ್ಲಿ ಥರ್ಡ್ ಪಾರ್ಟಿ ದರದ ಅರ್ಧ ರಿಯಾಯಿತಿಯೂ ಇದೆ. ಹಾಗಾದರೆ ಲಾಭವಲ್ಲವೇ? ತಾಳಿ. ಆ ಕಾರನ್ನು ಪ್ರದರ್ಶನ, ರ‍್ಯಾಲಿ, ರಿಪೇರಿ, ಪೆಟ್ರೋಲು ತುಂಬಿಸುವುದು ಮುಂತಾದ್ದಕ್ಕೆ ಮಾತ್ರ ರಸ್ತೆಗಿಳಿಸಬಹುದು. ದಿನನಿತ್ಯ ಓಡಾಡುವ ಹಾಗಿಲ್ಲ. ಮೊಮ್ಮಗುವನ್ನು ಶಾಲೆಗೆ ಬಿಡಬೇಕು, ಸಂತೆಗೆ ಹೋಗಬೇಕು ಅನ್ನುವವರಿಗೆ ಮಾಮೂಲು ಆರ್.ಸಿ.ಯೇ ಸರಿ. 1985ರ ಪದ್ಮಿನಿಗಂತೂ 50 ತುಂಬುವುದು 2035ಕ್ಕೆ.

ಮಳೆ ನೀರಿನ ಭಯ

ಹೊರಮಾವಿನವರಿಗೆ ಇನ್ನೊಂದು ಲೆಕ್ಕವಿದೆ. 2025ರ ಮೇ ತಿಂಗಳ ಮಳೆಗೆ ಸಾಯಿ ಬಡಾವಣೆ ಕೆರೆಯಂತಾಗಿ, ಜನರನ್ನು ದೋಣಿ, ಟ್ರ್ಯಾಕ್ಟರುಗಳಲ್ಲಿ ಸಾಗಿಸಿದ್ದನ್ನು ಯಾರೂ ಮರೆತಿಲ್ಲ. ತಗ್ಗಿನ ಬೀದಿಯಲ್ಲಿ ಹಳೇ ಕಾರು ನಿಲ್ಲಿಸಿದರೆ ಒಂದೇ ರಾತ್ರಿಯಲ್ಲಿ ಹತ್ತು ವರ್ಷದ ದುಡಿಮೆ ನೀರುಪಾಲು. ಮಳೆಗಾಲಕ್ಕೆ ಮುಂಚೆ ಎತ್ತರದ ಜಾಗ ನೋಡಿಕೊಳ್ಳಬೇಕು. ನೀರು ನುಗ್ಗಿದ ಕಾರಿಗೆ ಆತುರದಲ್ಲಿ ಕೀ ತಿರುಗಿಸಬಾರದು. ಬ್ಯಾಟರಿ ಕಳಚಿ, ಪ್ಲಗ್ ಬಿಚ್ಚಿ, ಆಯಿಲ್ ಇಳಿಸಿ ನೋಡಿದ ಮೇಲೆ ಮುಂದಿನ ಮಾತು. ಒದ್ದೆ ಕಾರಿಗೆ ಪ್ಲಾಸ್ಟಿಕ್ ಹೊದಿಕೆ ಮುಚ್ಚಿದರೆ ತುಕ್ಕಿಗೆ ಹಾಸಿಗೆ ಹಾಸಿಕೊಟ್ಟಂತೆ.

ಇಷ್ಟೆಲ್ಲ ಕೇಳಿದ ಮೇಲೂ ಬೇಕೇ ಈ ಶೋಕಿ? ಬೇಕು ಅನ್ನುವವರಿಗೆ ದಾರಿ ಇಷ್ಟೇ: ಒಂದೇ ಗಾಡಿ, ಚಿಕ್ಕ ಗಾಡಿ, ಸರಿಯಾದ ಕಾಗದ, ಬೇರೆ ಡಬ್ಬಿ. ಡಬ್ಬಿಯ ಲೆಕ್ಕದ ಪುಸ್ತಕ ಮನೆಯಾಕೆಯ ಕೈಯಲ್ಲೇ ಇದ್ದರೆ ಇನ್ನೂ ಒಳ್ಳೆಯದು.

ಸರ್ಕಾರಕ್ಕೂ ಒಂದು ಮಾತು. ಹೊಗೆ ಉಗುಳುವ ಗಾಡಿಯನ್ನು ರಸ್ತೆಯಿಂದ ತೆಗೆಯಬೇಕು ನಿಜ. ಆದರೆ ಹತ್ತು ಕಾರು ಕಟ್ಟಿಕೊಂಡ ಸಾಹುಕಾರನಿಗೂ, ವಾರಕ್ಕೊಮ್ಮೆ ಕಲ್ಕೆರೆ ಕಡೆ ಹೋಗಿಬರುವ ಹವಾಲ್ದಾರನ ಫಿಯೆಟ್ಟಿಗೂ ಒಂದೇ ಶುಲ್ಕ ಯಾವ ನ್ಯಾಯ? ಹೊಗೆ ಪರೀಕ್ಷೆಯಲ್ಲಿ ಪಾಸಾದ, ಕಡಿಮೆ ಓಡುವ, ಒಂದೇ ಗಾಡಿ ಇರುವ ಮಾಜಿ ಸೈನಿಕನಿಗೆ ನವೀಕರಣ ಶುಲ್ಕದಲ್ಲಿ ಸ್ವಲ್ಪ ಬಿಟ್ಟರೆ ಖಜಾನೆ ಬರಿದಾಗುವುದಿಲ್ಲ. 600 ರೂಪಾಯಿ ಇದ್ದದ್ದು ಮೂರೂವರೆ ವರ್ಷದಲ್ಲಿ 10,000 ಆದದ್ದನ್ನು ಪಿಂಚಣಿದಾರ ಹೇಗೋ ತಡೆದುಕೊಂಡಿದ್ದಾನೆ. ಇನ್ನೊಮ್ಮೆ ಏರಿಸುವ ಮುಂಚೆ ಅವನ ಡಬ್ಬಿಯನ್ನೂ ಒಂದು ಸಲ ಅಲ್ಲಾಡಿಸಿ ನೋಡಲಿ.